ಕಟಕಟೆಯಲ್ಲಿ ನನಗೆ ಬಾಯಿ ಬಂದ ದಿನ

ಭಕ್ತ ಬಾಂಧವರೇ, ನನ್ನ ಮಗ ವಸಂತನಿಗೆ ಎಡಗಿವಿ ಕೇಳಿಸುವುದಿಲ್ಲ. ಪ್ರಾರ್ಥನೆಯಿಂದ ಅದು ಗುಣವಾಗಲೂ ಇಲ್ಲ. ಆದರೂ ದೇವರು ನನ್ನ ಕೈಬಿಡಲಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ನಾನು ಕಡಬದಲ್ಲಿ ದರ್ಜಿ. ವಸಂತನಿಗೆ ಆಗ ಹದಿನೈದು. ಬಾಡಿಗೆ ಸೈಕಲಿನಲ್ಲಿ ಆಲಂಕಾರಿಗೆ ಹೊರಟವನನ್ನು ಪೊಲೀಸರು ಸೈಕಲ್ ಕದ್ದವನೆಂದು ದಾರಿಯಲ್ಲೇ ಹಿಡಿದರು. ಯಾವ ಠಾಣೆ, ಯಾವ ದಫೇದಾರ ಎಂದು ಇಲ್ಲಿ ಹೇಳುವುದಿಲ್ಲ. ಆ ಠಾಣೆಯವರ ಖಾಕಿ ಬಟ್ಟೆ ಹೊಲಿಯುತ್ತಿದ್ದವನು ನಾನೇ. ಒಂದು ಮಾತು ಹೇಳಿದರೆ ಬಿಟ್ಟಾರು ಎಂದು ಎಣಿಸಿ ಹೋದರೆ ನನ್ನನ್ನು ಎರಡು ದಿನ ಠಾಣೆಯ ಜಗಲಿಯಲ್ಲಿ ಕೂರಿಸಿದರು. ಮೂರನೆಯ ದಿನ ಸೈಕಲ್ ಅಂಗಡಿಯ ಯಜಮಾನ ಬ್ಯಾರಿಗಳು ಬಂದು, "ಸೈಕಲ್ ನನ್ನದು, ಬಾಡಿಗೆಗೆ ಕೊಟ್ಟದ್ದೂ ನಾನೇ" ಎಂದ ಮೇಲೆ ಹುಡುಗನನ್ನು ಹೊರಗೆ ಕಳುಹಿಸಿದರು. ಕಿವಿಯಿಂದ ಕುತ್ತಿಗೆಯವರೆಗೆ ರಕ್ತ ಒಣಗಿತ್ತು.

"ಸೈಕಲಿಂದ ಬಿದ್ದದ್ದು ಅಂತ ಹೇಳಿ, ಆಯ್ತಾ?" ಎಂದ ದಫೇದಾರ. ನಾನು ತಲೆಯಾಡಿಸಿದೆ.

ಪುತ್ತೂರಿನ ಆಸ್ಪತ್ರೆಯಲ್ಲೂ ಹಾಗೆಯೇ ಹೇಳಿದೆ. "ಬಿದ್ದದ್ದಲ್ಲ, ಹೊಡೆದದ್ದು" ಎಂದ ವಸಂತ. ಡಾಕ್ಟರರು ಪೆನ್ನು ಕೆಳಗಿಟ್ಟರು.

"ಎಂತ ಮಾರಾಯ್ರೆ, ನಾನು ಯಾವುದನ್ನು ಬರೆಯುದು?"

ಕೊನೆಗೆ ಕಿವಿಯ ತಮಟೆ ಹರಿದಿದೆ ಎಂದಷ್ಟೇ ಬರೆದುಕೊಟ್ಟರು.

ನನ್ನ ಹೆಂಡತಿ ಸುಂದರಿ ಮಗನ ಕೈ ಹಿಡಿದು ವಕೀಲರ ಮನೆಗೆ ಹೊರಟಳು. ನಾನು ಹಿಂದಿನಿಂದ ಹೋದೆ.

"ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸ್ಬೇಕು. ಇವರು ನಿಲ್ಲಿಸ್ಲಿಲ್ಲ" ಎಂದರು ವಕೀಲರು. "ಮೇಲಿನ ಅಧಿಕಾರಿಗೆ ಅರ್ಜಿ ಹಾಕ್ಲಿಕ್ಕೆ ಉಂಟು. ನೇರ ಕೋರ್ಟಿಗೆ ಫಿರ್ಯಾದಿ ಕೊಡ್ಲಿಕ್ಕೂ ಉಂಟು. ಹುಡುಗ ಸಣ್ಣವ, ತಂದೆಯೋ ತಾಯಿಯೋ ರುಜು ಹಾಕ್ಬೇಕು."

ನಾನು ಗೋಡೆ ನೋಡಿದೆ. ಸುಂದರಿ ಎರಡಕ್ಕೂ ರುಜು ಹಾಕಿದಳು.

ಮೇಲಧಿಕಾರಿಗೆ ಕಳುಹಿಸಿದ ಅರ್ಜಿ ವಿಚಾರಣೆಗೆಂದು ತಿರುಗಿ ಅದೇ ಠಾಣೆಗೆ ಬಂತು. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ. ಬೆಳಗಿನ ಬಸ್ಸಿಗೆ ಪುತ್ತೂರಿಗೆ ಹೋಗುವುದು, ಸಂಜೆಯವರೆಗೆ ಕಾಯುವುದು, ಇನ್ನೊಂದು ತಾರೀಕು ಹೇಳಿಸಿಕೊಂಡು ಬರುವುದು. ಒಮ್ಮೆ ಮ್ಯಾಜಿಸ್ಟ್ರೇಟರಿಗೆ ರಜೆ, ಒಮ್ಮೆ ಗುಮಾಸ್ತರಿಗೆ ಕಡತ ಸಿಗಲಿಲ್ಲ. ಇತ್ತ ಅಂಗಡಿಗೆ ಖಾಕಿ ಬಟ್ಟೆ ಬರುವುದು ನಿಂತಿತು. ನನಗೆ ಮಗನ ಮೇಲೆ ಸಿಟ್ಟು, ಹೆಂಡತಿಯ ಮೇಲೆ ಸಿಟ್ಟು. ಪ್ರತಿ ವಾಯಿದೆಗೂ ಮೊದಲು ಪುತ್ತೂರಿನ ದೇವಸ್ಥಾನದಲ್ಲಿ ಮಹಾಲಿಂಗೇಶ್ವರನ ಎದುರು ನಿಂತು, "ಇವರ ಹಟ ಬಿಡಿಸು, ಇಲ್ಲಿಗೆ ಮುಗಿಸು" ಎಂದೇ ಬೇಡುತ್ತಿದ್ದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಐದನೆಯ ಸಲ ನನ್ನದೇ ಸಾಕ್ಷಿ. ಆ ದಿನ ಬೇಡಲಿಕ್ಕೂ ಬೇಸರವಾಗಿ, "ನಿನಗೆ ತೋಚಿದ್ದು ಮಾಡು" ಎಂದು ಹೇಳಿ ಬಂದೆ. 'ನಾನು ನೋಡಿಲ್ಲ, ನನಗೆ ಗೊತ್ತಿಲ್ಲ' ಎನ್ನುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಕಟಕಟೆ ಹತ್ತಿದಾಗ ನಮ್ಮ ವಕೀಲರು ನನ್ನ ಕೈಗೆ ಒಂದು ಅಂಗಿ ಕೊಟ್ಟರು. ಪೊಲೀಸರು ಹಿಡಿದ ದಿನ ವಸಂತ ಹಾಕಿಕೊಂಡಿದ್ದದ್ದು, ನಾನೇ ಹೊಲಿದದ್ದು. ಸುಂದರಿ ಅದನ್ನು ಒಗೆಯದೆ ಇಟ್ಟದ್ದು ನನಗೆ ತಿಳಿದಿರಲಿಲ್ಲ.

"ಇದು ಸೈಕಲಿಂದ ಬಿದ್ದು ಹರಿದದ್ದಾ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಕೈ ತಾನಾಗಿ ಕಾಲರಿನ ಹೊಲಿಗೆಯ ಮೇಲೆ ಹೋಯಿತು. "ಅಲ್ಲ ಸ್ವಾಮಿ" ಎಂದೆ. "ಬಿದ್ದರೆ ಮೊಣಕೈಯಲ್ಲಿ ಬಟ್ಟೆ ಉಜ್ಜಿ ಹೋಗ್ತದೆ. ಇದರಲ್ಲಿ ಒಂದು ಗೀರೂ ಇಲ್ಲ. ಕಾಲರು ಹೊಲಿಗೆ ಸಮೇತ ಕಿತ್ತು ಬಂದಿದೆ. ಇದು ಹಿಡಿದು ಎಳೆದದ್ದು."

ಆಮೇಲೆ ಉಳಿದದ್ದೂ ಬಂತು. ದಫೇದಾರ ಹೇಳಿಕೊಟ್ಟ ಮಾತು, ಆಸ್ಪತ್ರೆಯಲ್ಲಿ ನಾನು ಹೇಳಿದ ಸುಳ್ಳು, ಎಲ್ಲ. ನನ್ನ ಬಾಯಿಯಿಂದ ಹೊರಟದ್ದನ್ನು ನಾನೇ ಕೇಳುತ್ತಾ ನಿಂತಿದ್ದೆ.

ದಫೇದಾರನಿಗೆ ಸಮನ್ಸ್ ಹೋಯಿತು. ವರ್ಷ ಕಳೆದ ಮೇಲೆ ತಪ್ಪು ಅವನದೆಂದು ತೀರ್ಪಾಗಿ ಜುಲ್ಮಾನೆ ಬಿತ್ತು. ಜುಲ್ಮಾನೆ ದೊಡ್ಡದೇನಲ್ಲ. ಆ ಬಗ್ಗೆ ನನಗೆ ಈಗಲೂ ಬೇಸರ ಉಂಟು. ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಬಂದರೆ ಡಾಕ್ಟರರ ಹತ್ತಿರ ಮೊದಲ ದಿನವೇ ನಿಜ ಹೇಳಿ. ನಾನು ಹೇಳಿದ ಸುಳ್ಳಿನಿಂದ ಎಷ್ಟೋ ತಿಂಗಳು ದಂಡವಾಯಿತು.

ಸಾಕ್ಷಿ ಹೇಳಿದ ದಿನ ಬಸ್ಸಿನಲ್ಲಿ ವಸಂತ, "ಅಪ್ಪ, ನೀವು ಹೇಳ್ತೀರಿ ಅಂತ ನಾನು ಎಣಿಸಿರ್ಲಿಲ್ಲ" ಎಂದ.

"ನಾನೂ ಎಣಿಸಿರ್ಲಿಲ್ಲ" ಎಂದೆ.

ಮಹಾಲಿಂಗೇಶ್ವರ ನಾನು ಬೇಡಿದ್ದನ್ನೇ ನಡೆಸಿಕೊಟ್ಟಿದ್ದರೆ, ಇವತ್ತು ಮಗನ ಮುಖ ನೋಡುವ ಧೈರ್ಯ ನನಗೆ ಇರುತ್ತಿರಲಿಲ್ಲ. ನಡೆಸಿಕೊಡದೆ ಇದ್ದದ್ದಕ್ಕೆ ದಿನವೂ ಕೈಮುಗಿಯುತ್ತೇನೆ.