ಮುಟ್ಟದೆ ಬಿಟ್ಟ ಮಂಡಿ

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಮಂಡಿ, ಕೀಲುಗಳ ಭವಿಷ್ಯವನ್ನು ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಕೂತು ಹೇಳುವವರೊಬ್ಬರು ಇರುತ್ತಾರೆಂದು ಚಿತ್ರದುರ್ಗದಲ್ಲಿದ್ದಾಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಕಾರ್ಖಾನೆ ಕೆಲಸ ನನ್ನನ್ನು ಕೆಜಿಎಫ್‌ಗೆ ತಂದು ಹಾಕಿತು, ಪೆರುಮಾಳಣ್ಣ ಸಿಕ್ಕಿದರು. ಗಣಿ ಮುಚ್ಚುವ ತನಕ ಗಣಿಯಲ್ಲಿ ದುಡಿದವರು. ಆಮೇಲೆ ತಾಯಿಯಿಂದ ಕಲಿತ ವಿದ್ಯೆಯೇ ಅನ್ನ ಹಾಕಿತು. ಉರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯ ಜಗಲಿಯಲ್ಲಿ ಕೂತು, ಕೈಕಾಲು ಉಳುಕಿಸಿಕೊಂಡು ಬಂದವರಿಗೆ ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ ಕಟ್ಟು ಹಾಕುತ್ತಿದ್ದರು. ಕ್ಯಾಸಂಬಳ್ಳಿ ಕಡೆಯಿಂದಲೂ ಜನ ಸ್ಕೂಟರಿನ ಹಿಂದೆ ಕೂತು ನರಳುತ್ತಾ ಬರುತ್ತಿದ್ದರು.

ಅಮೆರಿಕದ ರಾತ್ರಿಯ ಪಂದ್ಯ ನಮಗೆ ಬೆಳಗಿನದು. ರೋಗಿಗಳು ಬರುವ ಮೊದಲು ಪೆರುಮಾಳಣ್ಣ ಮೊಬೈಲಿನಲ್ಲಿ ಆಟ ನೋಡಿ ಮುಗಿಸಿ ಟೀ ಅಂಗಡಿಗೆ ಬರುವರು. ಸೀಸನ್ ಶುರುವಾಗುವುದು ದೀಪಾವಳಿಯ ಆಸುಪಾಸಿಗೆ. ಇನ್ನೂ ಪಟಾಕಿ ಚೂರು ಬೀದಿಯಲ್ಲಿರುವಾಗಲೇ ಇವರ ತೀರ್ಪು ಸಿದ್ಧ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎಂದು ನಾನು ರೇಗಿಸಿದರೆ, "ಆ ಉದ್ದನೆ ಹುಡ್ಗ ಎಗರಿ ಕೆಳಕ್ ಬರೋವಾಗ ಎಡಗಾಲ್ ಮೇಲೆ ಭಾರಾನೇ ಆಕಲ್ಲ, ನೋಡಿದ್ರಾ ಸಾರ್? ಪೊಂಗಲ್‌ಗೆ ಮುಂಚೆ ಆಟ ಬಿಟ್ಟು ಕೂತ್ಕೋತಾನೆ. ಆ ಟೀಮ್ ಮುಗೀತು," ಎನ್ನುವರು. ಅವನು ಕೂತೂ ಬಿಡುತ್ತಿದ್ದ! ಅವತ್ತು ಅವರ ಟೀ ನಮ್ಮ ಲೆಕ್ಕ.

ಲೇಕರ್ಸ್ ತಂಡದ ವಿಷಯದಲ್ಲಿ ಮಾತ್ರ ಅವರ ಲೆಕ್ಕ ತಪ್ಪುತ್ತಿತ್ತು. ಅದು ಅವರ ಪ್ರಾಣ. ಅಲ್ಲಿ ಯಾರ ಕಾಲು ತಿರುಚಿದರೂ "ಏನಿಲ್ಲ, ಒಂದ್ ವಾರ" ಎನ್ನುವರು. ಆ ಒಂದು ವಾರ ಮೂರು ತಿಂಗಳಾಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವು ನಗುತ್ತಿದ್ದೆವು. ಆ ನಗುವಿನಲ್ಲೇ ಒಂದು ಎಚ್ಚರಿಕೆ ಇತ್ತೆಂದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಪೆರುಮಾಳಣ್ಣನ ಪಕ್ಕದ ಮನೆಯ ಆಟೋ ಸೆಲ್ವರಾಜನ ಮಗಳು ಅರ್ಚನ ಅವರ ಕಣ್ಣೆದುರೇ ಬೆಳೆದವಳು. ಗೋಡೆಗೆ ಹಳೇ ಬಕೆಟ್ಟಿನ ಬಳೆ ಹೊಡೆದು ಅವಳಿಗೆ ಚೆಂಡು ಹಾಕಲು ಕಲಿಸಿದವರೇ ಅವರು. ಹುಡುಗಿ ಆಡುತ್ತಾ ಆಡುತ್ತಾ ಬೆಂಗಳೂರಿನ ಕ್ಲಬ್ಬಿಗೆ ಹೋದಳು. ಹೋದ ವರ್ಷ ಹೆಂಗಸರಿಗೆಂದೇ ಶುರುವಾದ ಸಂಬಳದ ಲೀಗಿಗೆ ಆಯ್ಕೆಯೂ ಆದಳು. ಮೊದಲ ಪಂದ್ಯಕ್ಕೆ ಇನ್ನೇನು ಕೆಲವೇ ದಿನ ಎನ್ನುವಾಗ, ಬಂಗಾರಪೇಟೆಯಲ್ಲಿ ಅಭ್ಯಾಸದ ಆಟ ಆಡುತ್ತಾ ಇನ್ನೊಬ್ಬಳ ಪಾದದ ಮೇಲೆ ಇಳಿದು ಬಲ ಮಂಡಿ ತಿರುಚಿಕೊಂಡಳು.

ಸೆಲ್ವರಾಜ ಕೋಲಾರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸುತ್ತೇನೆಂದು ಆಟೋ ತಿರುಗಿಸಿ ನಿಲ್ಲಿಸಿದ್ದ. ಪೆರುಮಾಳಣ್ಣ ಅವಳ ಮಂಡಿ ಒತ್ತಿ ನೋಡಿದರು. "ಸ್ಕ್ಯಾನ್ ಏನಕ್ಕಲಾ ಸೆಲ್ವಾ? ನರ ಉಳುಕೈತೆ ಅಷ್ಟೆ. ಮೂರು ಕಟ್ಟು ಆಕ್ತೀನಿ. ಅರ್ಚನಾ ಕಣ್ಣೂ, ನೀನು ಮೊದಲ್ನೇ ಮ್ಯಾಚ್ ಆಡ್ತೀಯ," ಎಂದು ತಮಿಳಿನ ಮುದ್ದುಮಾತು ಸೇರಿಸಿ ಹೇಳಿದರು. ಹುಡುಗಿಯ ಮುಖ ಅರಳಿತು. ಸೆಲ್ವರಾಜ ಆಟೋ ಆಫ್ ಮಾಡಿದ. ಊರೆಲ್ಲ ನಂಬಿದ ಕೈ ಅದು. ಅಪ್ಪ ಯಾಕೆ ಅನುಮಾನಪಡುತ್ತಾನೆ?

ಅರ್ಚನ ಮೊದಲ ಪಂದ್ಯ ಆಡಿದಳು. ಅರ್ಧ ಆಟವೂ ಮುಗಿದಿರಲಿಲ್ಲ, ಹತ್ತಿರ ಯಾರೂ ಇಲ್ಲದಿರುವಾಗಲೇ ಕುಸಿದು ಬಿದ್ದಳು. ಮೊದಲೇ ಅರೆಬರೆ ಹರಿದಿದ್ದ ಲಿಗಮೆಂಟು ಈಗ ಪೂರ್ತಿ ಕಿತ್ತುಹೋಗಿದೆ, ಆಡದೆ ಸುಮ್ಮನಿದ್ದಿದ್ದರೆ ಆಪರೇಷನ್ ಇಲ್ಲದೆ ಸರಿಹೋಗುವ ಸಾಧ್ಯತೆ ಇತ್ತು ಎಂದರು ಬೆಂಗಳೂರಿನ ಡಾಕ್ಟರು. ಸೆಲ್ವರಾಜ ಪೆರುಮಾಳಣ್ಣನ ಮನೆ ಮುಂದೆ ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಮುದುಕರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಅವತ್ತಿನಿಂದ ಅವರು ಯಾರಿಗೂ ಕಟ್ಟು ಹಾಕಲಿಲ್ಲ, ಟೀ ಅಂಗಡಿಗೂ ಬರಲಿಲ್ಲ.

ಮರುವರ್ಷ ಅಮೆರಿಕದ ಸೀಸನ್ ಶುರುವಾದಾಗ ನಾನೇ ಬೆಳಿಗ್ಗೆ ಅವರ ಮನೆಗೆ ಹೋದೆ, ಹೇಗಾದರೂ ಮಾತಿಗೆ ಎಳೆಯೋಣವೆಂದು. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಆಟ ಹಚ್ಚಿದ್ದೆವಷ್ಟೆ, ಅರ್ಚನ ಬಂದಳು. ಎದುರಿಗೆ ಕೂತು ಪ್ಯಾಂಟನ್ನು ಮಂಡಿಯ ಮೇಲಕ್ಕೆ ಸುತ್ತಿದಳು. ಆಪರೇಷನ್ನಿನ ಗೆರೆ ಕಂಡಿತು.

"ತಾತಾ, ವಾಸಿ ಆಗೈತೆ, ಓಡು ಅಂತಾರೆ ಡಾಕ್ಟ್ರು. ನಂಗೇ ಭಯ. ನೀನೊಂದ್ಸಲ ಮುಟ್ಟಿ ನೋಡಿ ಊಂ ಅಂದ್ರೆ ಸಾಕು, ನಾಳೆಯಿಂದ ಗ್ರೌಂಡ್‌ಗೆ ಓಗ್ತೀನಿ."

ಅಷ್ಟೆಲ್ಲ ಆದಮೇಲೂ ಈ ಹುಡುಗಿ ಈ ಕೈಯನ್ನೇ ನಂಬಿಕೊಂಡು ಬಂದಿದ್ದಳು. ಪೆರುಮಾಳಣ್ಣ ಕೈ ಚಾಚಿದರು. ಮಂಡಿಯ ಹತ್ತಿರ ಹೋದ ಕೈ ಹಿಂದಕ್ಕೆ ಬಂತು. ಎದ್ದು ಒಳಗೆ ಹೋದರು. ಅವಳು ಪ್ಯಾಂಟು ಕೆಳಗಿಳಿಸಿಕೊಂಡು ಹೊರಟುಹೋದಳು. ನಾನು ಒಳಗೆ ಹೋದರೆ ಮುದುಕರು ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. "ಅವ್ಳ ಕಾಲು ಕೆಡಿಸಿದ ಕೈ ಸಾರ್ ಇದು. ಎಂಗ್ ಮುಟ್ಲಿ?"

ನಾಚಿಕೆಯಿಂದ ಹಿಂದೆಗೆದ ಕೈಯನ್ನು ಅವಳು ತೀರ್ಪು ಎಂದುಕೊಂಡಳು. ತಾತನೇ ಕೈ ಇಡಲಿಲ್ಲವೆಂದರೆ ಈ ಮಂಡಿಯ ಕತೆ ಮುಗಿಯಿತು ಎಂದು ಮನೆಯಲ್ಲಿ ಹೇಳಿ, ಬಂಗಾರಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಸೆಲ್ವರಾಜ ಇದನ್ನು ಹೇಳಿದಾಗ ನಾನು ಓಡಿಹೋಗಿ ಪೆರುಮಾಳಣ್ಣನಿಗೆ ತಿಳಿಸಿದೆ. "ಅಯ್ಯೋ ಕಡವುಳೇ!" ಎಂದು ತಮಿಳಿನಲ್ಲಿ ದೇವರನ್ನು ಕೂಗಿ ತಲೆ ಚಚ್ಚಿಕೊಂಡರು. ಇಬ್ಬರೂ ಆಗಲೇ ಬಂಗಾರಪೇಟೆ ಬಸ್ಸು ಹತ್ತಿದೆವು.

ಅಂಗಡಿಯಲ್ಲಿ ಅವಳು ಸೀರೆ ಮಡಿಸುತ್ತಿದ್ದಳು. ಪೆರುಮಾಳಣ್ಣ ಜನರೆದುರೇ ಅವಳ ಕೈ ಹಿಡಿದುಕೊಂಡರು. "ಅವತ್ತು ನಾಚ್ಕೆಯಾಗಿ ಕೈ ಎಳ್ಕೊಂಡೆ ಅಷ್ಟೆ, ನಿನ್ ಮಂಡಿ ಗಟ್ಟಿಯಾಗೈತೆ ಕಣ್ಣೂ. ಓಡು. ನನ್ ಮಾತು ಕೇಳು, ಆಡ್ತೀಯ ನೀನು."

ಅರ್ಚನ ನಕ್ಕಳು. ಆ ನಗುವಿನಲ್ಲಿ ಸಿಟ್ಟಿನ ಒಂದು ಎಳೆಯೂ ಇರಲಿಲ್ಲ. "ನನ್ ಸಮಾಧಾನಕ್ಕೆ ಅಂತಿದೀಯ, ಬಿಡು ತಾತಾ. ನಂಗೊತ್ತಾಗಲ್ವಾ?"

ಅಷ್ಟರಲ್ಲಿ ಗಿರಾಕಿಯೊಬ್ಬರು ಕರೆದರು. ಅವಳು ಹತ್ತಿಪ್ಪತ್ತು ಸೀರೆ ಎದೆಗವಚಿಕೊಂಡು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದಳು. ಕಾಲು ಒಂದು ಚೂರೂ ಕುಂಟಲಿಲ್ಲ.