ಬಿಟ್ಟ ಸಾಲು

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಿಂದ ಜೋಳದ ರೊಟ್ಟಿ ಸೀದ ವಾಸನೆ ಬಂದರೆ, ಶಾಲೆಗೆ ತಡವಾಗಿದ್ದರೂ ನಾನು ಅಲ್ಲೇ ನಿಂತುಬಿಡುತ್ತೇನೆ. ಸಂತೆಕಲ್ಲೂರಿನಲ್ಲಿದ್ದ ನಮ್ಮ ಆಯಿಯ, ಅಂದರೆ ಅವ್ವನ ತಾಯಿಯ, ಮಣ್ಣಿನ ಮನೆ ಈಗಿಲ್ಲ. ಆ ಮನೆಯ ಒಲೆಯ ಮುಂದೆ ನಾನು ಓದು ಕಲಿತೆ. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೂ ಅವಳಂಥ ಮಾಸ್ತರು ನನಗೆ ಮತ್ತೆ ಸಿಗಲಿಲ್ಲ. ರೊಟ್ಟಿ ಬಡಿಯುತ್ತ ನನ್ನಿಂದ ಪಾಠ ಓದಿಸುತ್ತಿದ್ದಳು. ಮುಗಿದ ಕೂಡಲೇ ಪುಸ್ತಕ ಮುಚ್ಚಿಸಿ, ರೊಟ್ಟಿಯನ್ನು ಹಂಚಿಗೆ ಹಾಕಿ, "ಇದು ಬೇಯೂದ್ರಾಗ ಹೇಳಿ ಮುಗಸಬೇಕು ನೋಡು. ಬೇಕಾದ್ದನ್ನಷ್ಟ ಹೇಳು," ಎನ್ನುತ್ತಿದ್ದಳು. ನಾನು ಉದ್ದ ಎಳೆದರೆ ರೊಟ್ಟಿ ಸೀಯಲು ಬಿಟ್ಟು, ಅದನ್ನೇ ನನ್ನ ತಾಟಿಗೆ ಹಾಕುತ್ತಿದ್ದಳು. ಹೀಗಾಗಿ ಬೇಗ ಚುರುಕಾದೆ. ರಾಜನ ಹೆಸರು, ಕಾಡಿನ ವರ್ಣನೆ, ಎರಡೆರಡು ಸಲ ಬಂದ ಮಾತು, ಎಲ್ಲ ಬಿಟ್ಟು ಮೂರು ಮಾತಿನಲ್ಲಿ ಕಥೆ ಹೇಳುತ್ತಿದ್ದೆ. ಶಾಲೆಯಲ್ಲಿ ನನ್ನಷ್ಟು ಚಂದ ಸಾರಾಂಶ ಯಾರೂ ಬರೆಯುತ್ತಿರಲಿಲ್ಲ. ಆ ಜಂಬವೂ ಇತ್ತು.

ಆಯಿಯ ಒಬ್ಬನೇ ಮಗ, ನನ್ನ ಸೋದರಮಾವ, ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದ. ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಅದನ್ನೂ ನಾನು ಮನಸ್ಸಿನಲ್ಲೇ ಓದಿಕೊಂಡು, ರೊಟ್ಟಿ ಬೇಯುವುದರೊಳಗೆ ಹೇಳಿ ಮುಗಿಸುತ್ತಿದ್ದೆ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಎರಡು ಪುಟದ ಕಾಗದ ಬಂತು. ಪಾಳಿ ಬದಲಾದದ್ದು, ನಳಕ್ಕೆ ನೀರು ಬಾರದ್ದು, ಹಬ್ಬಕ್ಕೆ ಬರುವ ವಿಚಾರ. ನಡುವೆ ಒಂದು ಸಾಲು: ಜ್ವರ ಬಿಡುತ್ತಿಲ್ಲ, ನೀನು ಒಮ್ಮೆ ಬಂದು ಹೋಗು. ಬಂದು ಹೋಗು ಎಂಬುದು ಪ್ರತಿ ಕಾಗದದಲ್ಲೂ ಇರುತ್ತಿತ್ತು. ಯಾವಾಗಲೂ ಇರುವುದನ್ನು ಬಿಡಬೇಕೆಂದು ಕಲಿತವಳು ನಾನು. ಅದರೊಟ್ಟಿಗೆ ಜ್ವರವನ್ನೂ ಬಿಟ್ಟೆ. "ಮಾವ ಆರಾಮ ಅದಾನಂತ. ಹಬ್ಬಕ್ಕ ಬರತಾನಂತ," ಎಂದೆ. ರೊಟ್ಟಿ ಹದವಾಗಿ ಬೆಂದಿತ್ತು. ಆಯಿ ನನ್ನ ತಲೆ ಸವರಿದಳು. ಈಗ ನಾನೇ ಮಕ್ಕಳಿಗೆ ಸಾರಾಂಶ ಕಲಿಸುತ್ತೇನೆ. "ಇದರಾಗ ಯಾವುದು ಬಿಡಬೇಕ್ರಿ ಟೀಚರ್?" ಎಂದು ಅವರು ಕೇಳಿದರೆ, ಮೊದಲು ಇನ್ನೊಮ್ಮೆ ಪೂರಾ ಓದಿಸುತ್ತೇನೆ.

ಹತ್ತು ದಿನಕ್ಕೆ ಮಾವ ತೀರಿಕೊಂಡ ಸುದ್ದಿ ಬಂತು. ಆಯಿಯ ಜೊತೆ ನಾನೂ ಹೋದೆ. ಹಟ್ಟಿಯ ಆ ಪುಟ್ಟ ಕ್ವಾರ್ಟರ್ಸಿನಲ್ಲಿ ಅವನ ಹೆಂಡತಿ ಆಯಿಯ ಕೈ ಹಿಡಿದು, "ಕಾಗದ ಮುಟ್ಟಲಿಲ್ಲೇನ್ರಿ ಅತ್ತಿ? ಅವ್ವ ಬರತಾಳ ಅಂತ ದಿನಾ ಬಾಗಲಾ ನೋಡತಿದ್ರು," ಎಂದಳು. ಆಯಿ ನನ್ನತ್ತ ತಿರುಗಿದಳು. ನನಗೆ ನೆಲ ಬಿಟ್ಟು ಮೇಲೆ ನೋಡಲಾಗಲಿಲ್ಲ. "ಮುಟ್ಟಿಲ್ಲವ್ವಾ," ಎಂದಳು ಆಯಿ.

ಊರಿಗೆ ಬಂದ ಮೇಲೆ ಗೋಡೆಯ ಮಾಡದಲ್ಲಿಟ್ಟಿದ್ದ ಕಾಗದ ತೆಗೆದು ನನ್ನ ಮುಂದಿಟ್ಟಳು. "ಪೂರಾ ಓದು. ಏನೂ ಬಿಡಬ್ಯಾಡ." ಓದಿದೆ. ಆ ಸಾಲು ಬಂದಾಗ, "ಅಷ್ಟ ಇನ್ನೊಮ್ಮೆ ಓದು," ಎಂದಳು. ಅವಳು ಬೈಯಲಿಲ್ಲ. ಬೈದಿದ್ದರೆ, ಎರಡು ಏಟು ಹಾಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ಅವಳಿರುವ ತನಕ ದಿನವೂ ಓದಿದೆ. ಮಾವ ದಿನವೂ ಕರೆಯುತ್ತಿದ್ದ, ಆಯಿ ದಿನವೂ "ಬಂದೆ ಮಗನ," ಎನ್ನುತ್ತಿದ್ದಳು.