ನೀಲಿ ಸಿಪಾಯಿಯ ಡಬ್ಬಿ

ಕ್ಲೋರಿಂದಾಳ ಅಡುಗೆಮನೆಯ ಕಿಟಕಿಯಲ್ಲಿ ಹಂದಿಕೊಬ್ಬಿನ ಹಳೆಯ ಡಬ್ಬಿಯೊಂದಿತ್ತು. ಅದರ ಮಣ್ಣಿನೊಳಗೆ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಗೆಡ್ಡೆ. ಚಿಲಿಯ ಆ ಬೆಸ್ತರ ಹಟ್ಟಿಯಲ್ಲಿ ಗುಡ್ಡದ ಕೆಂಪು ಹೂಬಳ್ಳಿಯನ್ನು ಎಲ್ಲರೂ ಬೇಲಿಗೆ ಹಬ್ಬಿಸುತ್ತಿದ್ದರು. ಅದನ್ನು ಪುಟ್ಟ ಸಿಪಾಯಿ ಎನ್ನುತ್ತಿದ್ದರು. ನೀಲಿ ಹೂ ಬಿಡುವ ಸಿಪಾಯಿ ಇದ್ದದ್ದು ಇವಳೊಬ್ಬಳಲ್ಲಿ. ಮದುವೆಯಾದ ವರ್ಷ ಗಂಡ ಎವಾರಿಸ್ತೋ ಅದನ್ನು ಗುಡ್ಡದಿಂದ ಅಗೆದು, ತನ್ನ ಉಣ್ಣೆಯ ಟೋಪಿಯಲ್ಲಿ ಸುತ್ತಿ ತಂದಿದ್ದ. ಈಗ ಆ ಗುಡ್ಡವೆಲ್ಲ ಬೆಣ್ಣೆಹಣ್ಣಿನ ತೋಟ.

ಎವಾರಿಸ್ತೋ ಕಡಲಿನಲ್ಲಿ ಮುಳುಗಿ ಚಿಪ್ಪು ಕೀಳುವವನು. ಒಂದು ದಿನ ಮುಳುಗಿದವನು ಮೇಲೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ಗೋರಿಯಿಲ್ಲದವನಿಗಾಗಿ ಊರವರು ಬಂಡೆಯ ಮೇಲೆ ಪಾರಿವಾಳದ ಗೂಡಿನಷ್ಟು ಪುಟ್ಟ ಮನೆ ಕಟ್ಟಿ, ಒಳಗೆ ಮೇಣದಬತ್ತಿ ಇಟ್ಟರು. ಕ್ಲೋರಿಂದಾ ಕಾರ್ಖಾನೆಯಲ್ಲಿ ಮೀನು ಕೊಯ್ಯುತ್ತ ಬದುಕಿದಳು. ಪ್ರತಿ ಸೆಪ್ಟೆಂಬರಿನಲ್ಲಿ ಬಳ್ಳಿ ಹೂಬಿಟ್ಟಾಗ ಡಬ್ಬಿಯನ್ನು ಎದೆಗವಚಿಕೊಂಡು ಹೋಗಿ ಆ ಪುಟ್ಟ ಮನೆಯ ಮುಂದಿಡುವಳು. ಸಂಜೆಯ ಉಪ್ಪುಗಾಳಿ ಏಳುವ ಮುನ್ನ ಹಿಂದಕ್ಕೆ ತರುವಳು. ಹೀಗೆ ಮೂವತ್ತೊಂದು ವರ್ಷ. ನಡುವೆ ಒಮ್ಮೆ ಮಾತ್ರ ಗೆಡ್ಡೆ ವರ್ಷವಿಡೀ ಮಲಗಿತ್ತು. ಸತ್ತಿದೆ, ಬಿಸಾಡು ಎಂದರು ಎಲ್ಲರೂ. ಅವಳು ಕಾದಳು, ಅದು ಎದ್ದಿತು.

ಸಿಪಾಯಿ ಬೆಳೆಸುವವರಿಗೆಲ್ಲ ಅವಳದೇ ಪಾಠ: ಎಲೆ ಹಳದಿಯಾದ ಮೇಲೆ ಬೇಸಿಗೆಯಿಡೀ ಹನಿ ನೀರೂ ಬೇಡ, ಮೊಳಕೆ ಕಾಣಲಿಲ್ಲವೆಂದು ಮಣ್ಣು ಕೆದಕಬೇಡಿ. ಮೊಳಕೆ ಕೂದಲೆಳೆಯಷ್ಟು ಸಣ್ಣದು. ಮಣ್ಣಿನೊಳಗೆ ಬಹಳ ಅಲೆದು ಹೊರಬರುತ್ತದೆ. ಮುರಿದರೆ ಆ ವರ್ಷ ಮತ್ತೆ ಚಿಗುರುವುದಿಲ್ಲ.

ಈ ವರ್ಷ ಅವಳ ಶ್ವಾಸಕೋಶ ಕೆಟ್ಟಿತು. ಕ್ರಿಸ್ಮಸ್ ಕಾಣುವುದು ಕಷ್ಟವೆಂದು ವೈದ್ಯರು ಹೇಳಿದರು. ತಂಗಿ ಎರ್ಸಿಲಿಯಾ ಗಂಟುಮೂಟೆ ಕಟ್ಟಿಕೊಂಡು ಬಂದು ಮನೆಯಲ್ಲೇ ನಿಂತಳು. ಕ್ಲೋರಿಂದಾಳಿಗೆ ಬೇಕಾದದ್ದು ಒಂದೇ: ಇನ್ನೊಂದು ಸಲ ಹೂ ಕಾಣಬೇಕು, ಅದನ್ನು ಬಂಡೆಯ ಮೇಲಿಡಬೇಕು.

ಮಾರ್ಚಿಗೆ ಅಲ್ಲಿನ ಬೇಸಿಗೆ ಮುಗಿದು, ಏಪ್ರಿಲಿನಲ್ಲಿ ನೀರು ಹಾಕಿದರು. ಮೇ ಕಳೆಯಿತು. ಪಕ್ಕದ ಮನೆಯ ಮುದುಕ ಬೌದಿಲಿಯೋ ಬಾಗಿಲಲ್ಲಿ ಇಣುಕಿ, "ಏನಮ್ಮಾ, ನಿಮ್ಮ ಸಿಪಾಯಿ ಇನ್ನೂ ರಜೆ ಮೇಲಿದ್ದಾನಾ?" ಎಂದ.

"ನಿನ್ನ ಹಾಗೆ ಅವನೂ ಸೋಮಾರಿ ಕಣೋ," ಎಂದು ಅವಳು ಕೆಮ್ಮಿದಳು.

ಜೂನಿನ ಒಂದು ಬೆಳಿಗ್ಗೆ ಎರ್ಸಿಲಿಯಾ ರೊಟ್ಟಿ ತರಲು ಹೋಗಿದ್ದಳು. ಕ್ಲೋರಿಂದಾ ಗೋಡೆ ಹಿಡಿದು ಕಿಟಕಿಯ ಬಳಿ ಬಂದಳು. ಬದುಕಿದೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕು ಎನಿಸಿತು. ಬೆರಳನ್ನು ಮಣ್ಣಿಗಿಳಿಸಿದಳು. ಹೊರತೆಗೆದಾಗ ಉಗುರಿಗೆ ಬಿಳಿಯ ಎಳೆಯೊಂದು ಅಂಟಿತ್ತು. ತುದಿಯಲ್ಲಿ ಸಾಸಿವೆಯಷ್ಟು ಹಸಿರು. ಇನ್ನೊಂದು ವಾರ ಕಾದಿದ್ದರೆ ಹೊರಗೆ ಬರುತ್ತಿತ್ತು.

ಅವಳು ಮಣ್ಣನ್ನು ಸಮ ಮಾಡಿ ಹಾಸಿಗೆಗೆ ಮರಳಿದಳು. ಯಾರಿಗೂ ಹೇಳಲಿಲ್ಲ. ಎರ್ಸಿಲಿಯಾ ಬಳ್ಳಿ ಹತ್ತಲೆಂದು ಡಬ್ಬಿಗೆ ಕಡ್ಡಿ ಚುಚ್ಚಿದಳು. "ಅಕ್ಕಾ, ಮಣ್ಣು ಬಿರಿದ ಹಾಗಿದೆ ನೋಡು," ಎಂದು ದಿನವೂ ಸುಳ್ಳು ಹೇಳಿದಳು. ಆಗಸ್ಟಿನವರೆಗೆ ಅಕ್ಕ ಅದನ್ನು ಸಹಿಸಿದಳು.

"ಸಾಕು ಕಣೇ. ನಾನೇ ಕೆದಕಿದೆ. ಮೊಳಕೆ ಮುರೀತು."

ಎರ್ಸಿಲಿಯಾ ಡಬ್ಬಿಯತ್ತ ತಿರುಗಿದಳು. "ನೀನಾ? ಊರಿಗೆಲ್ಲ ಬೈತಿದ್ದವಳು ನೀನೇ ಅಲ್ವೇನೇ?"

"ಹೂಂ. ನಾನೇ."

ಸೆಪ್ಟೆಂಬರಿನಲ್ಲಿ ಕ್ಲೋರಿಂದಾ ಬಂಡೆಗೆ ಹೋಗಲೇಬೇಕೆಂದು ಹಟ ಹಿಡಿದಳು. ಬೌದಿಲಿಯೋ ತನ್ನ ಮೀನಿನ ಕೈಗಾಡಿ ತೊಳೆದು, ಕಂಬಳಿ ಹಾಸಿ, ಅವಳನ್ನು ಕೂರಿಸಿ ಬಂಡೆಯವರೆಗೆ ತಳ್ಳಿಕೊಂಡು ಹೋದ. ಮಡಿಲಲ್ಲಿ ಬರಿಯ ಮಣ್ಣಿನ ಡಬ್ಬಿ, ಅದರಲ್ಲಿ ಬೋಳು ಕಡ್ಡಿಗಳು. ಬಲೆ ಹೆಣೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಅವಳು ಡಬ್ಬಿಯನ್ನು ಪುಟ್ಟ ಮನೆಯ ಮುಂದಿಟ್ಟು, "ತಡ್ಕೊಳ್ಳೋಕಾಗ್ಲಿಲ್ಲ, ಎವಾರಿಸ್ತೋ," ಎಂದಳು. ಗಾಳಿ ಏಳುತ್ತಿದ್ದಂತೆ, "ಎತ್ಕೊಳ್ಳೇ, ಉಪ್ಪು ತಾಗುತ್ತೆ," ಎಂದು ಜೊತೆಗೆ ಬಂದಿದ್ದ ತಂಗಿಯನ್ನು ಅವಸರಪಡಿಸಿದಳು.

ಅಕ್ಟೋಬರ್ ಮೊದಲ ವಾರದಲ್ಲಿ ಅವಳು ತೀರಿಕೊಂಡಳು.

ಡಬ್ಬಿ ಈಗ ಅಡುಗೆಮನೆಯ ಗೋಡೆಯ ಹಲಗೆಯ ಮೇಲೆ ಒಣಗುತ್ತಿದೆ. ಒಳಗಿರುವುದು ಮಲಗಿದೆಯೋ ಕೊಳೆತಿದೆಯೋ ಎರ್ಸಿಲಿಯಾಗೆ ತಿಳಿಯದು. ಮತ್ತೆ ಏಪ್ರಿಲ್ ಬರುವತನಕ ನೀರು ಹಾಕುವಂತಿಲ್ಲ. ಅದರ ಮುಂದೆ ಹಾದುಹೋಗುವಾಗಲೆಲ್ಲ ಅವಳು ಎರಡೂ ಕೈಗಳನ್ನು ಜೇಬಿಗಿಳಿಸಿಕೊಳ್ಳುತ್ತಾಳೆ.